ಡ್ರೆಸ್ಸಿಂಗ್ ರೂಮಿನಿಂದ: ಗಾಯ ತಳದಿಂದ ತುಂಬಿ ಬರಬೇಕು

ಈ ತಿಂಗಳು ಬಂದ ಪತ್ರಗಳಲ್ಲಿ ಗಾಯದ ಬಗ್ಗೆ ಕೇಳಿದವರೇ ಜಾಸ್ತಿ. ತಾಲ್ಲೂಕು ಆಸ್ಪತ್ರೆಯ ಡ್ರೆಸ್ಸಿಂಗ್ ರೂಮಿನಲ್ಲಿ ಸ್ಟಾಫ್ ನರ್ಸ್ ಆಗಿ ದುಡಿದವಳಿಗೆ ಇದಕ್ಕಿಂತ ಹತ್ತಿರದ ವಿಷಯ ಇನ್ನೊಂದಿಲ್ಲ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಸಿಸ್ಟರ್, ನಮ್ಮ ಮಾವನವರಿಗೆ ಶುಗರ್ ಇದೆ. ಬೆನ್ನ ಮೇಲೆ ದೊಡ್ಡ ಕುರು ಎದ್ದು ಆಪರೇಷನ್ ಆಯಿತು. ಡಾಕ್ಟರು ಕೀವು ತೆಗೆದು ಹೊಲಿಗೆ ಹಾಕದೆ ಹಾಗೇ ಬಿಟ್ಟಿದ್ದಾರೆ. ನಿಂಬೆಹಣ್ಣು ಹಿಡಿಸುವಷ್ಟು ಗುಂಡಿ ಇದೆ. ನೋಡಿದರೆ ಭಯ ಆಗುತ್ತದೆ. ಹೊಲಿಗೆ ಹಾಕಿದ್ದರೆ ಬೇಗ ಮಾಯುತ್ತಿರಲಿಲ್ಲವೇ?
– ಗೃಹಿಣಿ, ಹೊಸನಗರ

ಹೊಲಿಗೆ ಹಾಕದೆ ಬಿಟ್ಟಿದ್ದೇ ಸರಿಯಮ್ಮ. ಕೀವಿದ್ದ ಜಾಗದ ಮೇಲೆ ಚರ್ಮ ಎಳೆದು ಹೊಲಿದರೆ, ನೀರು ನಿಂತ ರಸ್ತೆ ಗುಂಡಿಯ ಮೇಲೆ ಟಾರು ಬಳಿದ ಹಾಗಾಗುತ್ತದೆ. ಮೇಲೆ ನೋಡಲು ಚೆಂದ. ಒಳಗೆ ಉಳಿದ ರೋಗಾಣುಗಳು ಮತ್ತೆ ಕೀವು ಕಟ್ಟುತ್ತವೆ, ನಾಲ್ಕೇ ದಿನದಲ್ಲಿ ಹೊಲಿಗೆ ಬಿಚ್ಚಬೇಕಾಗುತ್ತದೆ. ಬಾಯಿ ತೆರೆದ ಗಾಯವನ್ನು ಮುಚ್ಚುವ ಕೆಲಸ ಮೈಗೆ ಚೆನ್ನಾಗಿ ಗೊತ್ತು. ಅದಕ್ಕೆ ಬೇಕಾದದ್ದು ಸಮಯ.

ಆ ಗುಂಡಿಯೊಳಗೆ ಏನು ನಡೆಯುತ್ತದೆ ಎಂದು ತಿಳಿದರೆ ನಿಮ್ಮ ಭಯ ಅರ್ಧ ಕಡಿಮೆ ಆಗುತ್ತದೆ. ಕೊಯ್ದ ತಕ್ಷಣ ರಕ್ತನಾಳಗಳು ಬಿಗಿಯುತ್ತವೆ. ರಕ್ತದಲ್ಲಿರುವ ಪ್ಲೇಟ್‌ಲೆಟ್‌ಗಳು ಬಂದು ಅಂಟಿಕೊಳ್ಳುತ್ತವೆ. ಫೈಬ್ರಿನ್ ಎಂಬ ನಾರಿನಂಥ ಪ್ರೋಟೀನು ಬಲೆ ಕಟ್ಟಿ ರಕ್ತ ನಿಲ್ಲಿಸುತ್ತದೆ. ಇದೆಲ್ಲ ಕೆಲವೇ ನಿಮಿಷದ ಕೆಲಸ. ಆಮೇಲೆ ಬಿಳಿ ರಕ್ತಕಣಗಳು ಬರುತ್ತವೆ. ಮೊದಲು ನ್ಯೂಟ್ರೊಫಿಲ್‌ಗಳು ಕೆಲವೇ ಗಂಟೆಗಳಲ್ಲಿ ಬಂದು ರೋಗಾಣುಗಳನ್ನು ಕೊಲ್ಲುತ್ತವೆ. ಎರಡು–ಮೂರನೇ ದಿನಕ್ಕೆ ಮ್ಯಾಕ್ರೊಫೇಜ್‌ಗಳು ಬಂದು ಸತ್ತದ್ದನ್ನೆಲ್ಲ ತಿಂದು ಜಾಗ ಚೊಕ್ಕ ಮಾಡುತ್ತವೆ, ರಿಪೇರಿ ಮಾಡುವ ಜೀವಕೋಶಗಳನ್ನೂ ಕರೆಸುತ್ತವೆ. ಈ ದಿನಗಳಲ್ಲಿ ಗಾಯದ ಸುತ್ತ ಒಂದಿಷ್ಟು ಕೆಂಪು, ಬಿಸಿ, ಬಾವು, ನೋವು ಇದ್ದೇ ಇರುತ್ತದೆ. ‘ನಂಜಾಯ್ತು’ ಎಂದು ಮನೆಯವರು ಗಾಬರಿಯಾಗುವುದು ಇದನ್ನೇ ನೋಡಿ. ಆದರೆ ಆ ಕೆಂಪು ದಿನದಿಂದ ದಿನಕ್ಕೆ ಇಳಿಯಬೇಕು. ಹರಡುತ್ತಾ ಹೋದರೆ ಮಾತ್ರ ಕಷ್ಟ.

ನಾಲ್ಕೈದು ದಿನ ಕಳೆದ ಮೇಲೆ ಸಿಸ್ಟರ್ ಗಾಯದೊಳಗಿನ ಗಾಜ್ ಬಟ್ಟೆ ತೆಗೆದಾಗ ನೀವೂ ಬಗ್ಗಿ ಗುಂಡಿಯ ತಳ ನೋಡಿ. ಸಣ್ಣ ಸಣ್ಣ ಕೆಂಪು ಕಾಳುಗಳು ಎದ್ದಿರುತ್ತವೆ. ಹೊಳೆಯುತ್ತಿರುತ್ತವೆ, ಗಾಜ್ ತಾಗಿದರೆ ಸಾಕು ರಕ್ತ ಜಿನುಗುತ್ತದೆ. ಅದೇ ಹೊಸ ಮಾಂಸ. ಒಂದೊಂದು ಕಾಳಿನಲ್ಲೂ ಹೊಸದಾಗಿ ಚಿಗುರಿದ ರಕ್ತನಾಳಗಳ ಗೊಂಚಲು ಇರುತ್ತದೆ. ಸುತ್ತ ಫೈಬ್ರೊಬ್ಲಾಸ್ಟ್ ಎಂಬ ಜೀವಕೋಶಗಳು ಕೊಲಾಜೆನ್ ನಾರು ನೇಯುತ್ತಿರುತ್ತವೆ. ಡ್ರೆಸ್ಸಿಂಗ್ ರೂಮಿನಲ್ಲಿ ನನಗೆ ಅತ್ಯಂತ ಖುಷಿ ಕೊಡುತ್ತಿದ್ದ ಬಣ್ಣ ಅದು. ಬೂದು, ಹಳದಿ ಇದ್ದ ತಳ ಒಂದು ಬೆಳಿಗ್ಗೆ ಕೆಂಪಗೆ ಕಂಡರೆ, ಆ ರೋಗಿಗೆ ಅದನ್ನು ಹೇಳದೆ ಕಳಿಸುತ್ತಿರಲಿಲ್ಲ.

ಇನ್ನು, ಗುಂಡಿ ತುಂಬುವುದರ ಜೊತೆಗೆ ಅದರ ಅಂಚೂ ಒಳಕ್ಕೆ ಸರಿಯುತ್ತದೆ. ಫೈಬ್ರೊಬ್ಲಾಸ್ಟ್‌ಗಳಲ್ಲಿ ಕೆಲವು ಸ್ನಾಯುವಿನ ಗುಣ ಪಡೆದು ಅಂಚನ್ನು ಎಳೆಯುತ್ತವೆ. ಜೂಲಿಯೊ ಗಬ್ಬಿಯಾನಿ ಎಂಬ ವಿಜ್ಞಾನಿ ಮತ್ತು ಜೊತೆಗಾರರು 1971ರಲ್ಲಿ ಇವನ್ನು ಗುರುತಿಸಿದರು. ದಿನಕ್ಕೆ ಒಂದು ಮಿಲಿಮೀಟರ್ ಕೂಡ ಸರಿಯುವುದಿಲ್ಲ, ಆದರೆ ಸುಮ್ನೆ ಕೂರುವುದೂ ಇಲ್ಲ. ಬೆನ್ನು, ಹೊಟ್ಟೆಯ ಚರ್ಮ ಸಡಿಲ ಇರುವುದರಿಂದ ಚೆನ್ನಾಗಿ ಎಳೆದುಕೊಂಡು ಬರುತ್ತದೆ. ಮೊಣಕಾಲ ಕೆಳಗೆ, ಎಲುಬಿನ ಮೇಲೆ ಚರ್ಮ ಬಿಗಿ, ಅಲ್ಲಿ ತಡ. ನಿಮ್ಮ ಮಾವನವರದ್ದು ಬೆನ್ನು. ಅಷ್ಟು ದೊಡ್ಡ ಗುಂಡಿ ಕೊನೆಗೆ ಚಿಕ್ಕದೊಂದು ಕಲೆಯಾಗಿ ಉಳಿಯುತ್ತದೆ.

ಕೊನೆಗೆ ಮೇಲ್ಚರ್ಮ. ಅಂಚಿನಿಂದ ತೆಳ್ಳಗೆ, ಬಿಳಿಗುಲಾಬಿ ಬಣ್ಣದ ಪಟ್ಟಿಯೊಂದು ಕೆಂಪು ಮಾಂಸದ ಮೇಲೆ ಹತ್ತಿ ಬರುತ್ತದೆ. ಇಲ್ಲೊಂದು ಎಚ್ಚರ. ತಳ ತುಂಬುವ ಮೊದಲೇ ಬಾಯಿ ಮುಚ್ಚಿಕೊಂಡರೆ ಒಳಗೆ ಪೊಳ್ಳು ಉಳಿದು ಮತ್ತೆ ಕೀವಾಗುತ್ತದೆ. ಸಿಸ್ಟರ್ ದಿನಾ ಗಾಜ್ ತುಂಬುವುದು ಅದಕ್ಕೇ. ಗಿಡಿದು ತುಂಬಬಾರದು, ಸಡಿಲವಾಗಿ ತಳ ಮುಟ್ಟುವ ಹಾಗೆ ಇಡಬೇಕು. ಎಷ್ಟು ಗಾಜ್ ಒಳಗೆ ಹೋಯಿತು ಎಂದು ಗಮನಿಸಿ. ಮೊದಲ ವಾರ ಇಡೀ ತುಂಡು ಹಿಡಿಸಿದ್ದು ಆಮೇಲೆ ಅರ್ಧಕ್ಕೆ ಬಂತೆಂದರೆ ಗಾಯ ತುಂಬುತ್ತಿದೆ ಎಂದೇ ಅರ್ಥ.

ಶುಗರ್ ಜಾಸ್ತಿ ಇದ್ದರೆ ಬಿಳಿ ರಕ್ತಕಣಗಳು ಮಂಕಾಗುತ್ತವೆ. ಹಾಗಾಗಿ ಡ್ರೆಸ್ಸಿಂಗ್‌ನಷ್ಟೇ ಮುಖ್ಯ ಇನ್ಸುಲಿನ್, ಮಾತ್ರೆ. ಬೀಡಿ ಸೇದುವವರಾದರೆ ಬಿಡಿಸಿ. ನಿಕೋಟಿನ್ ರಕ್ತನಾಳಗಳನ್ನು ಬಿಗಿದು ಗಾಯಕ್ಕೆ ಬರುವ ರಕ್ತವನ್ನೇ ಕಡಿಮೆ ಮಾಡುತ್ತದೆ. ಕೆಟ್ಟ ವಾಸನೆ, ಕಪ್ಪು ಬಣ್ಣ, ಚಳಿ ಜ್ವರ, ಸುತ್ತ ಹರಡುವ ಕೆಂಪು, ಇದರಲ್ಲಿ ಒಂದು ಕಂಡರೂ ಮರುದಿನದ ಡ್ರೆಸ್ಸಿಂಗ್‌ವರೆಗೆ ಕಾಯಬೇಡಿ.

ತೋಟದಲ್ಲಿ ಕತ್ತಿ ತಾಗಿದರೆ ನಾವು ಕಮ್ಯುನಿಸ್ಟ್ ಗಿಡದ ಸೊಪ್ಪು ಅರೆದು ಹಚ್ಚುತ್ತೇವೆ. ಮನೆಯಲ್ಲಾದರೆ ಕಾಫಿ ಪುಡಿ ಅಥವಾ ಅರಿಶಿನ. ತಲೆತಲಾಂತರದಿಂದ ಬಂದದ್ದು. ತಪ್ಪೇ?
– ಅಡಿಕೆ ಬೆಳೆಗಾರರು, ಶಿರಸಿ

ರಕ್ತ ನಿಲ್ಲಿಸಬೇಕು ಎಂಬ ಯೋಚನೆ ಸರಿ. ಆದರೆ ಅದಕ್ಕೆ ಪುಡಿ ಬೇಡ, ಸೊಪ್ಪೂ ಬೇಡ. ಒಗೆದ ಬಟ್ಟೆ ಇಟ್ಟು ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಹತ್ತು ನಿಮಿಷ. ನಿಂತಿತಾ ಎಂದು ನಡುನಡುವೆ ಎತ್ತಿ ನೋಡಬೇಡಿ, ಕಟ್ಟುತ್ತಿದ್ದ ಹೆಪ್ಪು ಕಿತ್ತು ಬರುತ್ತದೆ. ಕೈ ಮೇಲೆತ್ತಿ ಹಿಡಿಯಿರಿ.

ಕಾಫಿ ಪುಡಿ ತುಂಬಿಕೊಂಡು ಬಂದ ಗಾಯವನ್ನು ನಾವು ಮೊದಲು ತೊಳೆಯಬೇಕು. ಪುಡಿ ರಕ್ತದ ಜೊತೆ ಸೇರಿ ಗಟ್ಟಿಯಾಗಿರುತ್ತದೆ. ಉಜ್ಜಿ ತೆಗೆಯುವಾಗ ರೋಗಿ ಪಡುವ ನೋವು ಕತ್ತಿ ತಾಗಿದಾಗಲೂ ಪಟ್ಟಿರುವುದಿಲ್ಲ. ನಿಂತಿದ್ದ ರಕ್ತ ಮತ್ತೆ ಶುರು. ಅರಿಶಿನಕ್ಕೆ ಒಳ್ಳೆಯ ಗುಣಗಳಿವೆ, ಒಪ್ಪುತ್ತೇನೆ. ಆದರೆ ಡಬ್ಬಿಯ ಅರಿಶಿನ ರೋಗಾಣುಗಳಿಲ್ಲದ ಪುಡಿಯಲ್ಲ. ತೋಟದ ಸೊಪ್ಪಿನಲ್ಲಿ ಮಣ್ಣಿರುತ್ತದೆ, ಮಣ್ಣಿನಲ್ಲಿ, ಸಗಣಿಯಲ್ಲಿ ಧನುರ್ವಾಯು ತರುವ ರೋಗಾಣುವಿನ ಬೀಜಕಗಳಿರುತ್ತವೆ. ಆಳದ, ಗಾಳಿಯಾಡದ ಗಾಯ ಅವಕ್ಕೆ ಹೇಳಿ ಮಾಡಿಸಿದ ಜಾಗ. ಧನುರ್ವಾಯುವಿನ ರೋಗಿಯ ದವಡೆ ಬಿಗಿದು, ಮೈ ಬಿಲ್ಲಿನಂತೆ ಬಾಗುವುದನ್ನು ನೋಡಿದ ಯಾರೂ ಗಾಯಕ್ಕೆ ಮಣ್ಣು ತಾಗಿಸಲು ಬಿಡುವುದಿಲ್ಲ. ರಕ್ತ ನಿಂತ ಮೇಲೆ ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಧನುರ್ವಾಯು ಚುಚ್ಚುಮದ್ದು ಪೂರ್ತಿ ಆಗಿದ್ದವರಿಗೆ 10 ವರ್ಷಕ್ಕೊಮ್ಮೆ ಟಿಡಿ (ಧನುರ್ವಾಯು, ಡಿಫ್ತೀರಿಯಾ ತಡೆಯುವ) ಬೂಸ್ಟರ್ ಬೇಕು. ಗಾಯ ಕೊಳೆಯಾಗಿದ್ದು, ಹಿಂದಿನ ಡೋಸ್ ಪಡೆದು 5 ವರ್ಷ ದಾಟಿದ್ದರೆ ಆಗಲೇ ಹಾಕಿಸಿಕೊಳ್ಳಬೇಕು.

ಹೈಡ್ರೋಜನ್ ಪೆರಾಕ್ಸೈಡ್ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ನೊರೆ ಬಂದರೆ ಕೊಳೆ ಹೋಯಿತು ಎಂದು ತುಂಬ ಜನ ನಂಬಿದ್ದಾರೆ. ಆ ನೊರೆ ಹೊಸ ಮಾಂಸದ ಕೋಶಗಳನ್ನೂ ಸುಡುತ್ತದೆ. ಸ್ಪಿರಿಟ್, ನೀರು ಬೆರೆಸದ ಡೆಟಾಲ್ ಕೂಡ ಹಾಗೇ. ಒಂದು ಕಾಲಕ್ಕೆ ಡ್ರೆಸ್ಸಿಂಗ್ ರೂಮು ಎಂದರೆ ಗಾಯ ತೊಳೆಯುವ ಯೂಸಾಲ್ ದ್ರಾವಣದ ವಾಸನೆ, ಬ್ಲೀಚಿಂಗ್ ಪುಡಿಯಂಥ ಘಾಟು. ಅದೂ ಹೊಸ ಮಾಂಸಕ್ಕೆ ಒಗ್ಗುವುದಿಲ್ಲ ಎಂದು ತಿಳಿದ ಮೇಲೆ ಬಳಕೆ ಕಡಿಮೆಯಾಯಿತು. ಬಹುಪಾಲು ಗಾಯಗಳಿಗೆ ಸಲೈನ್ ಸಾಕು.

ಮಗ ಬೈಕಿನಿಂದ ಬಿದ್ದು ಮೊಣಕಾಲು ತರಚಿದೆ. ಗಾಯದ ಮೇಲೆ ಹಳದಿ ಪೊರೆ ಬಂದಿದೆ. ಕೀವೇ? ಬ್ಯಾಂಡೇಜ್ ಬಿಚ್ಚಿ ಗಾಳಿಗೆ ಒಣಗಿಸಿದರೆ ಬೇಗ ಮಾಯುತ್ತದೆ ಅನ್ನುತ್ತಾರೆ, ನಿಜವಾ?
– ಒಬ್ಬ ತಂದೆ, ಚಿತ್ರದುರ್ಗ

ಕೀವಾದರೆ ಸಲೈನ್ ಸುರಿದಾಗ ಹರಿದು ಹೋಗುತ್ತದೆ, ಮತ್ತೆ ಮತ್ತೆ ಬರುತ್ತದೆ, ಸುತ್ತ ನೋವು, ವಾಸನೆ ಇರುತ್ತದೆ. ತೊಳೆದರೂ ಹೋಗದೆ ತೆಳ್ಳಗೆ ಅಂಟಿಕೊಂಡಿರುವ ಹಳದಿ ಪೊರೆ ಸಾಮಾನ್ಯವಾಗಿ ಫೈಬ್ರಿನ್. ಉಗುರಿನಿಂದ ಕೆರೆದು ತೆಗೆಯಬೇಡಿ.

ಒಣಗಿಸುವ ಮಾತಿಗೆ ಉತ್ತರ ಸಿಕ್ಕಿ ಬಹಳ ವರ್ಷ ಆಯಿತು. ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಎಳೆಯ ಹಂದಿಗಳ ಬೆನ್ನ ಮೇಲೆ ಚಿಕ್ಕ ಚಿಕ್ಕ ಗಾಯ ಮಾಡಿ, ಕೆಲವನ್ನು ಗಾಳಿಗೆ ಬಿಟ್ಟರು, ಕೆಲವಕ್ಕೆ ಪಾಲಿಥಿನ್ ಹಾಳೆ ಮುಚ್ಚಿದರು. ಮುಚ್ಚಿದ ಗಾಯಗಳಲ್ಲಿ ಹೊಸ ಚರ್ಮ ಸುಮಾರು ಎರಡು ಪಟ್ಟು ವೇಗವಾಗಿ ಬಂತು. ಇದು 1962ರಲ್ಲಿ ಪ್ರಕಟವಾಯಿತು. ಕಾರಣ ಸರಳ. ಮೇಲ್ಚರ್ಮದ ಕೋಶಗಳು ಹಸಿ ನೆಲದ ಮೇಲೆ ಮಾತ್ರ ಮುಂದೆ ಸರಿಯಬಲ್ಲವು. ಒಣಗಿ ಹಕ್ಕಳೆ ಕಟ್ಟಿದರೆ ಅದರ ಅಡಿಗೆ ಇಳಿದು, ತೇವ ಇರುವ ಕಡೆ ದಾರಿ ಮಾಡಿಕೊಂಡು ಹೋಗಬೇಕಾಗುತ್ತದೆ. ನಿಮ್ಮ ಮಗನದು ತರಚು ಗಾಯ ಅಲ್ವಾ, ಅಲ್ಲಿ ಇನ್ನೊಂದು ಅನುಕೂಲ. ಆಳದಲ್ಲಿ ಕೂದಲಿನ ಬುಡ, ಬೆವರಿನ ಗ್ರಂಥಿ ಉಳಿದಿರುತ್ತವೆ. ಅವುಗಳಿಂದಲೂ ಚರ್ಮ ಹುಟ್ಟುತ್ತದೆ. ಗಾಯದ ನಡುವೆ ಅಲ್ಲಲ್ಲಿ ಸಣ್ಣ ಬಿಳಿ ಚುಕ್ಕೆ ಕಂಡರೆ ಅದು ಹೊಸ ಚರ್ಮವೇ.

ದಿನಾ ನೀರಿನಲ್ಲಿ ತೊಳೆದು, ತೆಳ್ಳಗೆ ವ್ಯಾಸಲಿನ್ ಸವರಿ, ಅಂಟದ ಗಾಜ್ ಇಟ್ಟು ಕಟ್ಟಿ. ಹತ್ತಿಯನ್ನು ನೇರವಾಗಿ ಇಡಬೇಡಿ, ಎಳೆ ಅಂಟಿಕೊಳ್ಳುತ್ತದೆ. ಹಾಗಂತ ತೊಪ್ಪೆಯಾಗಲೂ ಬಿಡಬಾರದು. ಸುತ್ತಲ ಚರ್ಮ ಬೆಳ್ಳಗಾಗಿ ಸುಕ್ಕುಗಟ್ಟಿದರೆ ತೇವ ಜಾಸ್ತಿ ಆಯಿತು ಎಂದರ್ಥ, ಪಟ್ಟಿ ಬೇಗ ಬದಲಿಸಿ. ರಸ್ತೆಯ ಜಲ್ಲಿ ಪುಡಿ ಒಳಗೆ ಉಳಿದಿದ್ದರೆ ಮಾತ್ರ ಆಸ್ಪತ್ರೆಯಲ್ಲಿ ತೆಗೆಸಿ. ಇಲ್ಲದಿದ್ದರೆ ಹಚ್ಚೆ ಹಾಕಿಸಿಕೊಂಡ ಹಾಗೆ ಕಪ್ಪು ಉಳಿದುಬಿಡುತ್ತದೆ.

ನಾಯಿ ಕಚ್ಚಿದ ಗಾಯಕ್ಕೆ ನಮ್ಮೂರ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಲಿಲ್ಲ. ನಿರ್ಲಕ್ಷ್ಯವೇ?
– ಒಬ್ಬ ಓದುಗರು, ಕೊಪ್ಪಳ

ಅಲ್ಲ. ಹೊಲಿಗೆಯ ಸೂಜಿ ರೇಬಿಸ್ ವೈರಸ್ಸನ್ನು ಇನ್ನೂ ಒಳಕ್ಕೆ ತಳ್ಳಬಹುದು. ಆದಷ್ಟು ಮಟ್ಟಿಗೆ ತೆರೆದೇ ಬಿಡುತ್ತಾರೆ. ಹಾಕಲೇಬೇಕಾದರೆ ಗಾಯದೊಳಗೆ ಇಮ್ಯುನೊಗ್ಲಾಬ್ಯುಲಿನ್ (ವೈರಸ್ಸನ್ನು ತಡೆಯುವ ಸಿದ್ಧ ಪ್ರತಿಕಾಯ) ಚುಚ್ಚಿದ ಮೇಲೆ, ಸಡಿಲವಾಗಿ. ಕಚ್ಚಿದ ಕೂಡಲೇ ನಲ್ಲಿ ನೀರಿನಡಿ ಸೋಪು ಹಾಕಿ 15 ನಿಮಿಷ ತೊಳೆಯಬೇಕು. ಈ ತೊಳೆಯುವುದೇ ಅರ್ಧ ಚಿಕಿತ್ಸೆ. ಖಾರದ ಪುಡಿ, ಸುಣ್ಣ ಹಚ್ಚಲೇಬೇಡಿ. ಚುಚ್ಚುಮದ್ದಿನ ಒಂದು ಡೋಸನ್ನೂ ತಪ್ಪಿಸಬೇಡಿ.

ಮಗಳಿಗೆ ಸಿಸೇರಿಯನ್ ಆಗಿದೆ. ಬೇಳೆ ತಿಂದರೆ ಕೀವಾಗುತ್ತದೆ, ಮೊಟ್ಟೆ ನಂಜು, ಹುಳಿ ಹಣ್ಣು ಬೇಡ ಎಂದು ಮನೆಯ ಹಿರಿಯರು ಬರೀ ಅನ್ನ, ಮೆಣಸಿನ ಸಾರು ಕೊಡಿಸುತ್ತಿದ್ದಾರೆ. ನೀರೂ ಲೆಕ್ಕದ ಪ್ರಕಾರ. ಏನು ಮಾಡಲಿ?
– ತಾಯಿ, ತುರುವೇಕೆರೆ

ಮೆಣಸಿನ ಸಾರು ಕೊಡಲಿ, ಬಾಣಂತಿಗೆ ಬೆಚ್ಚಗಿನದು ಹಿತ. ಆದರೆ ಅಷ್ಟೇ ಕೊಟ್ಟರೆ ಗಾಯ ಯಾವುದರಿಂದ ಕೂಡಬೇಕು ಹೇಳಿ? ಕೊಲಾಜೆನ್ ಎಂದರೆ ಪ್ರೋಟೀನು. ಅದಕ್ಕೆ ಬೇಳೆ, ಹಾಲು, ಮೊಟ್ಟೆ, ಮೀನೇ ಆಗಬೇಕು. ಕೀವು ಬರುವುದು ರೋಗಾಣುಗಳಿಂದ, ತೊವ್ವೆಯಿಂದಲ್ಲ. ಮೊಟ್ಟೆ ತಿಂದಾಗಲೆಲ್ಲ ಮೈಮೇಲೆ ದದ್ದು ಏಳುವವರು ಮಾತ್ರ ಅದನ್ನು ಬಿಡಲಿ.

ಹುಳಿ ಹಣ್ಣಿನ ವಿಷಯಕ್ಕೆ ಒಂದು ನಿಜ ಸಂಗತಿ ಹೇಳುತ್ತೇನೆ, ಹಿರಿಯರಿಗೂ ಓದಿ ಹೇಳಿ. 1939ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ಜಾನ್ ಕ್ರ್ಯಾಂಡನ್ ಎಂಬ ಯುವ ಸರ್ಜನ್ ಸಿ ವಿಟಮಿನ್ ಇಲ್ಲದ ಊಟವನ್ನೇ ತಿಂಗಳುಗಟ್ಟಲೆ ಮಾಡಿದರು. ಗಾಯಕ್ಕೆ ಏನಾಗುತ್ತದೆ ಎಂದು ತನ್ನ ಮೈಮೇಲೇ ನೋಡಬೇಕಿತ್ತು ಅವರಿಗೆ. ಮೂರು ತಿಂಗಳಾದಾಗ ಬೆನ್ನ ಮೇಲೆ ಕೊಯ್ದ ಗಾಯ ಸರಿಯಾಗಿ ಮಾಯಿತು. ಆರು ತಿಂಗಳಾದಾಗ ಇನ್ನೊಂದು ಕೊಯ್ದರು. ಹತ್ತು ದಿನ ಬಿಟ್ಟು ನೋಡಿದರೆ ಮೇಲೆ ಚರ್ಮ ಕೂಡಿತ್ತು, ಅದರಡಿ ಏನೂ ಕೂಡಿರಲಿಲ್ಲ. ಸಿ ವಿಟಮಿನ್ ಇಂಜೆಕ್ಷನ್ ಕೊಟ್ಟ ಮೇಲೆ ಅದೇ ಗಾಯ ಕೂಡಿಕೊಂಡಿತು. ಕೊಲಾಜೆನ್ ಎಳೆಗಳು ಗಟ್ಟಿಯಾಗಿ ಹೆಣೆದುಕೊಳ್ಳಲು ಆ ವಿಟಮಿನ್ ಬೇಕೇ ಬೇಕು.

ನಿಮ್ಮ ಮಗಳಿಗೆ ಇಂಜೆಕ್ಷನ್ ಬೇಡ. ಒಂದು ಸೀಬೆಹಣ್ಣು, ಒಂದು ನೆಲ್ಲಿಕಾಯಿ, ಅನ್ನದ ಮೇಲೆ ನಿಂಬೆರಸ ಸಾಕು. ನಿಂಬೆಯನ್ನು ಸಾರು ಇಳಿಸಿದ ಮೇಲೆ ಹಿಂಡಿ, ಕುದಿಸಿದರೆ ವಿಟಮಿನ್ ಹಾಳಾಗುತ್ತದೆ. ಹೆಸರುಬೇಳೆ ತೊವ್ವೆ, ನುಗ್ಗೆಸೊಪ್ಪಿನ ಪಲ್ಯದಿಂದ ಶುರು ಮಾಡಿದರೆ ಮನೆಯಲ್ಲಿ ಯಾರೂ ಬೇಡ ಅನ್ನಲಾರರು. ನೀರಿಗೆ ಮಾತ್ರ ಲೆಕ್ಕ ಇಡಬೇಡಿ. ಎದೆಹಾಲು ಕೊಡುವವಳು, ಬಾಯಾರಿದಷ್ಟೂ ಕುಡಿಯಬೇಕು.

ನಾನು ನಿವೃತ್ತ ಶಿಕ್ಷಕ, ಶುಗರ್ ಇದೆ. ಕಾಲಿನ ಹೆಬ್ಬೆರಳಿನ ಬುಡದಲ್ಲಿ, ಅಂಗಾಲಿನ ಕಡೆ, ಹುಣ್ಣಾಗಿ ಹಲವು ತಿಂಗಳಾಯಿತು. ನೋವಿಲ್ಲ, ಹಾಗಾಗಿ ವಾಕಿಂಗ್ ನಿಲ್ಲಿಸಿಲ್ಲ. ಮುಲಾಮು, ಮಾತ್ರೆ ಎಲ್ಲ ಆಯಿತು. ಯಾಕೆ ಮಾಯುತ್ತಿಲ್ಲ?
– ಓದುಗರು, ಹುಬ್ಬಳ್ಳಿ

ಮೇಷ್ಟ್ರೇ, ದಯವಿಟ್ಟು ವಾಕಿಂಗ್ ಇವತ್ತೇ ನಿಲ್ಲಿಸಿ. ನೋವಿಲ್ಲ ಎಂಬುದು ಒಳ್ಳೆಯ ಸುದ್ದಿಯಲ್ಲ. ಶುಗರ್ ನಿಮ್ಮ ಕಾಲಿನ ನರಗಳ ಸ್ಪರ್ಶವನ್ನು ತೆಗೆದಿದೆ. ನೋವಿದ್ದರೆ ನೀವು ಕುಂಟುತ್ತಿದ್ದಿರಿ, ಆ ಜಾಗಕ್ಕೆ ಭಾರ ಬೀಳುತ್ತಿರಲಿಲ್ಲ. ಈಗ ಒಂದೊಂದು ಹೆಜ್ಜೆಗೂ ಇಡೀ ಮೈಯ ಭಾರ ಅದೇ ಹುಣ್ಣಿನ ಮೇಲೆ. ರಾತ್ರಿ ಕಟ್ಟಿದ ಹೊಸ ಮಾಂಸವನ್ನು ಬೆಳಗಿನ ವಾಕಿಂಗ್ ಅರೆದು ಹಾಕುತ್ತಿದೆ.

ಇದನ್ನು ಜಗತ್ತಿಗೆ ಮನವರಿಕೆ ಮಾಡಿಸಿದವರಲ್ಲಿ ಪಾಲ್ ಬ್ರ್ಯಾಂಡ್ ದೊಡ್ಡ ಹೆಸರು. 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದವರು, 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಸರ್ಜನ್ ಆಗಿ ಬಂದರು. ಕುಷ್ಠರೋಗಿಗಳ ಮಾಂಸವೇ ಕೆಟ್ಟದ್ದು, ಅದು ಮಾಯುವುದಿಲ್ಲ ಎಂದು ಆಗ ಎಲ್ಲರೂ ತಿಳಿದಿದ್ದರು. ಬ್ರ್ಯಾಂಡ್ ಆ ರೋಗಿಗಳ ಕಾಲಿಗೆ ಪ್ಲಾಸ್ಟರ್ ಹಾಕಿ ಹುಣ್ಣಿನ ಮೇಲಿನ ಒತ್ತಡ ತಪ್ಪಿಸಿದರು. ಹುಣ್ಣು ಎಲ್ಲರ ಹಾಗೇ ಮಾಯಿತು. ಮಾಂಸದಲ್ಲಿ ದೋಷ ಇರಲಿಲ್ಲ, ನೋವಿಲ್ಲದೆ ತುಳಿದದ್ದೇ ದೋಷ. ಕುಷ್ಠರೋಗಿಗಳಿಗೆ ಕೊಡುವ ಮೆತ್ತನೆಯ ಎಂಸಿಆರ್ (ಮೈಕ್ರೊಸೆಲ್ಯುಲರ್ ರಬ್ಬರ್) ಚಪ್ಪಲಿಗಳ ಹಿಂದೆ ಇದೇ ತಿಳಿವಳಿಕೆ ಇದೆ. ಶುಗರ್ ಇರುವವರೂ ಅದೇ ಚಪ್ಪಲಿ ಹಾಕುತ್ತಾರೆ.

ನಿಮಗೆ ಬೇಕಾಗಿರುವುದು ಇನ್ನೊಂದು ಮುಲಾಮಲ್ಲ. ಈ ವಾರವೇ ಸರ್ಜನ್ ಹತ್ತಿರ ಹೋಗಿ. ಮೂರು ವಿಷಯ ಕೇಳಿ. ಕಾಲಿಗೆ ರಕ್ತ ಸರಿಯಾಗಿ ಬರುತ್ತಿದೆಯೇ, ನಾಡಿ ಸಿಗುತ್ತಿದೆಯೇ? ಒಳಗಿನ ಎಲುಬಿಗೆ ಸೋಂಕು ಇಳಿದಿದೆಯೇ, ಎಕ್ಸ್‌ರೇ ಬೇಕೇ? ಭಾರ ತಪ್ಪಿಸಲು ಪ್ಲಾಸ್ಟರ್ ಅಥವಾ ವಿಶೇಷ ಬೂಟು ಹಾಕಬಹುದೇ? ಹುಣ್ಣಿನ ಸುತ್ತ ಆಣಿಯಂತೆ ಗಟ್ಟಿಯಾದ ಚರ್ಮ ಇರುತ್ತದಲ್ಲ, ಅದನ್ನು ಆಸ್ಪತ್ರೆಯಲ್ಲೇ ಕೆತ್ತಿಸಬೇಕು. ಮನೆಯಲ್ಲಿ ಬ್ಲೇಡ್ ಹಿಡಿಯಬೇಡಿ.

ಇನ್ನೊಂದು ಕಾಲನ್ನೂ ದಿನಾ ರಾತ್ರಿ ನೋಡಿಕೊಳ್ಳಿ. ಬಗ್ಗಲು ಆಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ನೋಡಿ. ಚಪ್ಪಲಿ ಹಾಕುವ ಮೊದಲು ಒಳಗೆ ಕೈಯಾಡಿಸಿ, ಕಲ್ಲೋ ಮೊಳೆಯೋ ಇದ್ದರೆ ಕಾಲಿಗೆ ಗೊತ್ತಾಗುವುದಿಲ್ಲ. ಬೇಸಿಗೆಯಲ್ಲಿ ದೇವಸ್ಥಾನದ ಪ್ರಾಕಾರದ ಕಲ್ಲು ಕಾದಿರುತ್ತದೆ. ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿ ಅಂಗಾಲು ಬೊಬ್ಬೆ ಎದ್ದದ್ದೂ ಗೊತ್ತಾಗದೆ ಮನೆಗೆ ಹೋದವರನ್ನು ನೋಡಿದ್ದೇನೆ. ಬಿಸಿಲೇರುವ ಮೊದಲೇ ದರ್ಶನ ಮುಗಿಸಿ, ದಪ್ಪ ಕಾಲುಚೀಲ ಹಾಕಿಕೊಳ್ಳಿ.

ಹರ್ನಿಯಾ ಆಪರೇಷನ್ ಆಗಿ ಹೊಲಿಗೆ ಬಿಚ್ಚಿದ್ದಾರೆ. ಮೇಲೆ ಪೂರ್ತಿ ಕೂಡಿದೆ. ಅಡಿಕೆ ಕೊನೆಕೊಯ್ಲು ಶುರುವಾಗಿದೆ, ಮರ ಹತ್ತಬಹುದಾ? ಗಾಯ ತುಂಬ ನವೆ ಬೇರೆ.
– ಕೊನೆ ಕೊಯ್ಯುವವರು, ತೀರ್ಥಹಳ್ಳಿ

ಈ ಕೊಯ್ಲಿಗೆ ಹತ್ತಬೇಡಿ. ಚರ್ಮ ಕೂಡಿದ್ದು ಕಾಣುತ್ತದೆ, ಒಳಗಿನ ಬಲ ಕಾಣುವುದಿಲ್ಲ. ಮೂರು ವಾರಕ್ಕೆ ಗಾಯದ ಜಾಗಕ್ಕೆ ಮೊದಲಿನ ಬಲದ ಸುಮಾರು 20% ಮಾತ್ರ ಬಂದಿರುತ್ತದೆ. ಮೂರು ತಿಂಗಳಿಗೆ ಸುಮಾರು 80%. ಅದಕ್ಕಿಂತ ಜಾಸ್ತಿ ಬರುವುದೂ ಇಲ್ಲ. ಮೊದಲು ಅವಸರದಲ್ಲಿ ಹಾಕಿದ ತೆಳು ಕೊಲಾಜೆನ್ನನ್ನು ಕಿತ್ತು, ಗಟ್ಟಿಯಾದದ್ದನ್ನು ಹಾಕುವ ಕೆಲಸ ವರ್ಷದವರೆಗೂ ಒಳಗೆ ನಡೆಯುತ್ತಿರುತ್ತದೆ. ಕೆಂಪಗಿದ್ದ ಕಲೆ ಬರಬರುತ್ತಾ ಮಸುಕಾಗುವುದು ಅದಕ್ಕೇ. ಮರಕ್ಕೆ ಕಾಲು ಕೊಟ್ಟು ಮೈ ಎಳೆಯುವಾಗ ಎಲ್ಲ ಒತ್ತಡ ಹೊಟ್ಟೆಯ ಕೆಳಗೇ ಬೀಳುತ್ತದೆ, ನಿಮಗೇ ಗೊತ್ತಲ್ಲ. ಯಾವಾಗ ಹತ್ತಬಹುದು ಎಂದು ಆಪರೇಷನ್ ಮಾಡಿದವರನ್ನೇ ಕೇಳಿ. ‘ಭಾರದ ಕೆಲಸ’ ಎಂದಷ್ಟೇ ಹೇಳಿದರೆ ಅವರಿಗೆ ಅಂದಾಜು ಸಿಗದು, ಅಡಿಕೆ ಮರ ಹತ್ತುವ ಕೆಲಸ ಎಂದು ಬಿಡಿಸಿ ಹೇಳಿ. ಅಲ್ಲಿಯವರೆಗೆ ಕೆಳಗೆ ಕೂತು ಅಡಿಕೆ ಸುಲಿಯುವುದಕ್ಕೆ ತೊಂದರೆಯಿಲ್ಲ.

ನವೆ ಮಾಯುವಾಗ ಸಾಮಾನ್ಯ. ಕೆರೆಯಬೇಡಿ, ಕೊಬ್ಬರಿ ಎಣ್ಣೆ ತೆಳ್ಳಗೆ ಸವರಿ ಅಂಗೈಯಿಂದ ಒತ್ತಿ ಹಿಡಿಯಿರಿ. ಕಲೆ ದಿನೇದಿನೇ ದಪ್ಪವಾಗಿ ಉಬ್ಬಿ, ಗಾಯದ ಗೆರೆ ದಾಟಿ ಆಚೆಗೂ ಹಬ್ಬತೊಡಗಿದರೆ ಅದು ಕೀಲಾಯ್ಡ್ ಇರಬಹುದು. ಆಗ ಚರ್ಮದ ಡಾಕ್ಟರಿಗೆ ತೋರಿಸಿ, ಆರಂಭದಲ್ಲೇ ಇಂಜೆಕ್ಷನ್ ಕೊಟ್ಟು ತಗ್ಗಿಸುತ್ತಾರೆ.